ಕಡಿಮೆ ದುಡ್ಡಿನ ಗ್ರೂಪ್ ಟೂರ್‌ನಲ್ಲಿ ಪಾಂಪೇ ನೋಡಿದ ದಿನ: ಎರಡೂವರೆ ಗಂಟೆ ಸಾಕಾ?

ಕೊನೇಸೀಟು

ಸೆಪ್ಟೆಂಬರ್‌ನಲ್ಲಿ ನಾನು, ನನ್ನ ತಂಗಿ ಇಟಲಿಗೆ ಹೋಗಿ ಬಂದೆವು. ಕಡಿಮೆ ದುಡ್ಡಿನ ಗ್ರೂಪ್ ಟೂರ್. ಒಂದು ಬಸ್ಸು, 38 ಜನ. ಕೊಟ್ಟ ಹಾಳೆಯಲ್ಲಿ 'ಪಾಂಪೇ, ಪೂರ್ತಿ ದಿನ' ಅಂತ ಇತ್ತು. ಪಾಂಪೇ ಅಂದರೆ 79ನೇ ಇಸವಿಯಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಬೂದಿಯಡಿ ಹೂತುಹೋದ ರೋಮನ್ನರ ಊರು. ಆ ಪೂರ್ತಿ ದಿನ ಹೇಗೆ ಕರಗಿತು ಅಂತ ಬರೆಯುತ್ತಿದ್ದೇನೆ. ಉದ್ದ ಆಗಿದೆ, ಬೈಕೋಬೇಡಿ.

ಬೆಳಿಗ್ಗೆ ಆರೂವರೆಗೆ ರೋಮ್ ಬಿಟ್ಟೆವು. ಪಾಂಪೇ ಅಲ್ಲಿಂದ ಹೆಚ್ಚುಕಡಿಮೆ 240 ಕಿಲೋಮೀಟರ್. ದಾರಿಯಲ್ಲಿ ಟಾಯ್ಲೆಟ್‌ಗೆ ಅಂತ ನಿಲ್ಲಿಸಿದರು. 38 ಜನರ ಸಾಲು ಕರಗಿ, ಕಾಫಿ ಮುಗಿದು, ಎಲ್ಲರೂ ಹತ್ತಿ ಕೂರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಇನ್ನೇನು ಪಾಂಪೇ ಬಂತು ಅನ್ನುವಾಗ ಬಸ್ಸು ಟೊರೆ ಡೆಲ್ ಗ್ರೆಕೋ ಅನ್ನೋ ಊರಿನಲ್ಲಿ ಒಂದು ಅಂಗಡಿ ಮುಂದೆ ನಿಂತಿತು. ಹವಳಕ್ಕೆ, ಚಿಪ್ಪಿನ ಮೇಲೆ ಮುಖ ಕೆತ್ತುವ ಕ್ಯಾಮಿಯೋ ಕೆಲಸಕ್ಕೆ ಆ ಊರು ಹೆಸರುವಾಸಿ. ಕೆತ್ತುವುದನ್ನು ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಕೆತ್ತನೆ ಹತ್ತು ನಿಮಿಷ, ಗಲ್ಲಾಪೆಟ್ಟಿಗೆ ಐವತ್ತು ನಿಮಿಷ. ಹಾಳೆಯಲ್ಲಿ ಈ ಅಂಗಡಿಯ ಸುದ್ದಿಯೇ ಇರಲಿಲ್ಲ.

ಗೇಟ್ ಮುಂದೆ ಇನ್ನೊಂದು ಕಥೆ. 2024ರ ನವೆಂಬರ್‌ನಿಂದ ಅಲ್ಲಿ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಗುರುತಿನ ಚೀಟಿ ತೋರಿಸಬೇಕು. ನಮ್ಮ ಗುಂಪಿನ ಒಬ್ಬ ಹಿರಿಯರಿಗೆ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದಿದೆ: ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ಅವರ ಹೆಸರು. ಟಿಕೆಟ್ ಮಾಡಿಸಿದವರು ಊರಿನ ಹೆಸರು ಒಂದನ್ನೇ ಹಾಕಿದ್ದರು. 'ಇದು ನನ್ನ ಊರು, ನಾನಲ್ಲ' ಅಂತ ಅವರು ಕನ್ನಡದಲ್ಲೇ ಹೇಳುತ್ತಿದ್ದರು. ಗೇಟ್‌ನಲ್ಲಿದ್ದ ಹುಡುಗಿ ಕೊನೆಗೆ ನಕ್ಕು ಬಿಟ್ಟಳು.

ಒಳಗೆ ಹೋದಾಗ ಹನ್ನೆರಡು ಹತ್ತು. ಎರಡು ನಲವತ್ತಕ್ಕೆ ಬಸ್ಸಿನಲ್ಲಿರಬೇಕು. ಎರಡೂವರೆ ಗಂಟೆ!

ಗೈಡ್ ಒಳ್ಳೆಯವರು. ಕಿವಿಗೆ ಒಂದೊಂದು ಇಯರ್‌ಫೋನ್ ಕೊಟ್ಟು ಮುಂದೆ ಓಡಿದರು. ನಾವು ಹಿಂದೆ. ಪೋರ್ಟಾ ಮರೀನಾ ಬಾಗಿಲಿನ ಏರು, ಫೋರಂ ಅನ್ನೋ ಊರಿನ ಮುಖ್ಯ ಚೌಕ, ಸ್ನಾನದ ಮನೆ, ಅಲ್ಲಿಂದ ಲುಪನಾರ್. ಅದು ಆಗಿನ ವೇಶ್ಯಾಗೃಹ. ಇಡೀ ಊರಿನಲ್ಲಿ ಅತಿ ಉದ್ದದ ಸಾಲು ಅಲ್ಲೇ ಇತ್ತು. ಹತ್ತು ನಿಮಿಷ ನಿಂತೆವು, ಸಾಲು ಹತ್ತು ಹೆಜ್ಜೆಯೂ ಮುಂದೆ ಹೋಗಲಿಲ್ಲ. ತಂಗಿ 'ಅಕ್ಕ, ಇದಕ್ಕೋಸ್ಕರ ಬಂದಿದ್ದಾ ನಾವು?' ಅಂದಳು. ಗೈಡ್‌ಗೆ ಹೇಳಿ, ಬಸ್ ನಿಲ್ಲುವ ಜಾಗ ಇನ್ನೊಮ್ಮೆ ಕೇಳಿಕೊಂಡು, ಸಾಲು ಬಿಟ್ಟೆವು. ಆ ದಿನ ನಾವು ಮಾಡಿದ ಬುದ್ಧಿವಂತಿಕೆ ಅದೊಂದೇ.

ವಿಯಾ ಡೆಲ್ ಅಬ್ಬೊಂಡಾಂಝಾ ಅಂತ ಒಂದು ಉದ್ದನೆ ಬೀದಿ ಇದೆ. ಫೋರಂನಿಂದ ಶುರುವಾಗಿ ಊರಿನ ಆ ತುದಿಯವರೆಗೂ ಹೋಗುತ್ತದೆ. ನಾವು ಅದೊಂದನ್ನೇ ಹಿಡಿದು ನಡೆದೆವು. ಅಡ್ಡ ಬೀದಿಯೊಂದು ಕೂಡುವಲ್ಲಿ ಕಲ್ಲಿನ ನೀರಿನ ತೊಟ್ಟಿ. ತಂಗಿ ಬಾಟಲಿ ತುಂಬಿಸಿಕೊಳ್ಳೋಕೆ ಬಗ್ಗಿದಳು. ಎಡಗೈ ತೊಟ್ಟಿಯ ಅಂಚಿಗೆ ಊರಿದಳು. ಕೈ ಇಟ್ಟ ಕಡೆ ಕಲ್ಲು ಸವೆದು ಒಳ್ಳೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ನೀರಿಗೆ ಬಗ್ಗುವವರು ಯಾರಾದರೂ ಅಲ್ಲೇ ಕೈ ಊರಬೇಕು, ಬೇರೆ ದಾರಿಯಿಲ್ಲ. 79ನೇ ಇಸವಿಗೆ ಮೊದಲು ಎಷ್ಟು ಜನ ಊರಿರಬೇಡ! ಅವಳ ಅಂಗೈ ಅದರಲ್ಲಿ ಸರಿಯಾಗಿ ಕೂತಿತ್ತು. ಅವಳು ನೀರು ಹಿಡಿಯುವುದು ಮರೆತು ಕೈ ನೋಡುತ್ತಾ ನಿಂತಳು.

ಆಮೇಲೆ ನಾವು ಗೋಡೆ ನೋಡುವುದು ಬಿಟ್ಟು ನೆಲ ನೋಡೋಕೆ ಶುರು ಮಾಡಿದೆವು. ಗಾಡಿ ಚಕ್ರ ಕೊರೆದ ಗೆರೆಗಳು, ನನ್ನ ಬೆರಳು ಪೂರ್ತಿ ಮುಳುಗುವಷ್ಟು ಆಳ. ಬೀದಿ ದಾಟೋಕೆ ದಪ್ಪ ಮೆಟ್ಟುಗಲ್ಲುಗಳು, ಅವುಗಳ ಮಧ್ಯೆ ಚಕ್ರ ಹೋಗುವಷ್ಟು ಸಂದು. ಅಂಗಡಿಗಳ ಹೊಸ್ತಿಲಿನಲ್ಲಿ ಉದ್ದಕ್ಕೆ ಒಂದು ಕಾಲುವೆ. ಅದರಲ್ಲಿ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ಇಳಿಸಿ ಅಂಗಡಿ ಮುಚ್ಚುತ್ತಿದ್ದರಂತೆ. ನಮ್ಮ ಹಳೇ ಪೇಟೆಬೀದಿಯ ಹಲಗೆ ಬಾಗಿಲು ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಎರಡು ಮೂವತ್ತೈದಕ್ಕೆ ಬಸ್ಸಿನಲ್ಲಿದ್ದೆವು. ಉಳಿದವರು ಬಂದಿದ್ದು ಮೂರು ಹತ್ತಕ್ಕೆ.

ನನ್ನ ಲೆಕ್ಕ ಇಷ್ಟೇ. ಅಗ್ಗದ ಗ್ರೂಪ್‌ನಲ್ಲಿ ಹೋದರೆ ಹೆಸರುವಾಸಿ ಜಾಗಗಳ ಪಟ್ಟಿ ಹಿಡಿದು ಓಡಬೇಡಿ. ಒಂದು ಬೀದಿ ಆರಿಸಿಕೊಳ್ಳಿ, ಅದನ್ನು ಪೂರ್ತಿ ನೋಡಿ. ನೀವೇನಂತೀರಿ?

ಚೀಲಒಂದೇ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಗ್ರೂಪ್ ಟೂರ್ ಅಗ್ಗ ಅನ್ನೋದೇ ನನಗೆ ಒಪ್ಪಿಗೆಯಿಲ್ಲ. ಪಾಂಪೇ ಹತ್ತಿರದ ನೇಪಲ್ಸ್ ನಗರದಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ಬೆಳಿಗ್ಗೆ ಸೊರೆಂಟೊ ಕಡೆ ಹೋಗುವ ಸರ್ಕುಮ್‌ವೆಸುವಿಯಾನಾ ಲೋಕಲ್ ರೈಲು ಹತ್ತಿ. ಮುಕ್ಕಾಲು ಗಂಟೆಯೊಳಗೆ ಪಾಂಪೇ ಸ್ಕಾವಿ ಸ್ಟೇಷನ್. ಇಳಿದರೆ ಗೇಟ್ ಕೂಗಳತೆ ದೂರ. ಬಾಗಿಲು ತೆಗೆಯುವ ಒಂಬತ್ತಕ್ಕೆ ಒಳಗೆ ಹೋದವನು ನಾನು, ಹೊರಗೆ ಬಂದಿದ್ದು ಸಂಜೆ ಐದಕ್ಕೆ. ಯಾವ ಹವಳದ ಅಂಗಡಿಯೂ ಇಲ್ಲ.

ಒಂದು ಎಚ್ಚರ: ಪಾಂಪೇ ಅನ್ನೋ ಹೆಸರಿನ ಸ್ಟೇಷನ್ ಒಂದಕ್ಕಿಂತ ಜಾಸ್ತಿ ಇವೆ. ಬೇರೆ ಲೈನ್ ಹತ್ತಿದರೆ ಹೊಸ ಊರಿನ ಕಡೆ ಇಳಿಯುತ್ತೀರಿ. ಅಲ್ಲಿಂದಲೂ ನಡೆದು ಬರಬಹುದು, ಆದರೆ ಬಂದು ಸೇರುವುದು ಆಂಫಿಥಿಯೇಟರ್ (ಆಗಿನ ದುಂಡನೆ ಬಯಲುರಂಗ) ಬಾಗಿಲಿಗೆ. ನೋಡಿಕೊಂಡು ಹತ್ತಿ. ರೈಲಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಜೇಬು ಹುಷಾರು.

ಕೊನೇಸೀಟು

ಒಪ್ಪಿದೆ. ಆದರೆ ಎಲ್ಲರೂ ನಿಮ್ಮ ಹಾಗೆ ಒಂದೇ ಚೀಲದಲ್ಲಿ ಓಡಾಡೋಕೆ ಆಗಲ್ಲ ಅಲ್ವಾ? ನಮಗೆ ವೀಸಾ, ಊಟ, ರೂಮು ಎಲ್ಲ ಒಬ್ಬರೇ ನೋಡಿಕೊಂಡಿದ್ದೇ ದೊಡ್ಡ ಸಮಾಧಾನ. ನಮ್ಮ ಬಸ್ಸಿನಲ್ಲಿ ಮುಕ್ಕಾಲು ಪಾಲು ಜನ ಮೊದಲ ಸಲ ದೇಶ ಬಿಟ್ಟವರು. ಅವರಿಗೆ ಲೋಕಲ್ ರೈಲು ಹತ್ತಿ ಅಂದರೆ ಆಗುತ್ತಾ?

ಮಂಡಿನೋವು

ನಾನು ಮುಂದಿನ ಏಪ್ರಿಲ್‌ಗೆ ಅಮ್ಮನ ಜೊತೆ ಹೋಗಬೇಕು, ಇದೇ ಥರ ಗ್ರೂಪ್‌ನಲ್ಲಿ. ಅಮ್ಮನಿಗೆ 68, ಮಂಡಿ ನೋವು. ನೀವು ಹೇಳಿದ ಆ ಮೆಟ್ಟುಗಲ್ಲು, ಚಕ್ರದ ಗೆರೆ ಎಲ್ಲ ಕೇಳಿ ಭಯ ಆಯಿತು. ನಡೆಯೋಕೆ ಆಗುತ್ತಾ?

ಚೀಲಒಂದೇ

ಕಷ್ಟ ಇದೆ, ಆದರೆ ದಾರಿಯೂ ಇದೆ. ಆಂಫಿಥಿಯೇಟರ್ ಬಾಗಿಲಿನಿಂದ ಶುರುವಾಗುವ 'ಎಲ್ಲರಿಗೂ ಪಾಂಪೇ' ಅನ್ನೋ ಒಂದು ದಾರಿ ಮಾಡಿದ್ದಾರೆ. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಹೋಗುವಷ್ಟು ಸಮ ಮಾಡಿದ ನೆಲ. ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ, ಫೋರಂವರೆಗೂ ಹೋಗುತ್ತದೆ. ಪೋರ್ಟಾ ಮರೀನಾ ಕಡೆಯಿಂದ ಒಳಗೆ ಬಂದರೆ ಮೊದಲ ಹೆಜ್ಜೆಯೇ ಏರು, ಜಾರುವ ಕಲ್ಲು ಬೇರೆ. ನಿಮ್ಮ ಗುಂಪಿನವರು ಯಾವ ಬಾಗಿಲಿನಿಂದ ಕರೆದುಕೊಂಡು ಹೋಗುತ್ತಾರೆ ಅಂತ ಈಗಲೇ ಕೇಳಿ.

ಕೊನೇಸೀಟು

ಅಮ್ಮನಿಗೆ ಹಿಂದೆ ಪಟ್ಟಿ ಇರುವ, ತಳ ಗಟ್ಟಿ ಇರುವ ಚಪ್ಪಲಿಯಾದರೂ ಬೇಕು. ನಮ್ಮ ಜೊತೆ ಒಬ್ಬರು ಸೀರೆಗೆ ಹೊಂದುವ ಚಪ್ಪಲಿ ಹಾಕಿಕೊಂಡು ಬಂದಿದ್ದರು, ಅರ್ಧ ಗಂಟೆಗೆ ಒಂದು ಕಡೆ ಕೂತುಬಿಟ್ಟರು. ಟೋಪಿ ಮರೀಬೇಡಿ. ಮನೆಗಳಿಗೆ ಸೂರು ಇಲ್ಲ, ಹಾಗಾಗಿ ನೆರಳೂ ಇಲ್ಲ. ನೀರು ಮಾತ್ರ ಕೊಳ್ಳಬೇಕಿಲ್ಲ, ಬೀದಿಯ ನಲ್ಲಿಗಳಲ್ಲಿ ಕುಡಿಯುವ ನೀರೇ ಬರುತ್ತದೆ.

ಟಿಕೆಟ್‌ತೋರ್ಸಿ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಹೆಸರು ಹಾಕುವ ಪದ್ಧತಿ ಬಂದಾಗ ಊರೊಳಗಿನ ಟಿಕೆಟ್ 18 ಯೂರೋ, ಗೋಡೆಯಾಚೆಯ ವಿಲ್ಲಾಗಳೂ ಸೇರಿದರೆ 22 ಇತ್ತು. ಹೋಗುವ ಮೊದಲು ಈಗಿನ ದರ ನೋಡಿಕೊಳ್ಳಿ. 18 ವರ್ಷದೊಳಗಿನ ಮಕ್ಕಳಿಗೆ ಬಿಟ್ಟಿ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಬಿಟ್ಟಿ. ಆದರೆ ಆ ದಿನ ಹೋದರೆ ನೀವು ನೋಡುವುದು ಪಾಂಪೇ ಅಲ್ಲ, ಮುಂದಿನವರ ಬೆನ್ನು. ನಾನು ನೋಡಿದ್ದೇನೆ, ಆ ಬೆನ್ನು.

ಚೀಲ 30-30-15 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ಒಳಗೆ ಬಿಡಲ್ಲ. ಬಾಗಿಲಲ್ಲೇ ಇಟ್ಟುಕೊಳ್ಳುತ್ತಾರೆ, ಅದಕ್ಕೆ ದುಡ್ಡಿಲ್ಲ. ಆದರೆ ಇಟ್ಟ ಬಾಗಿಲಿಗೇ ವಾಪಸ್ ಬರಬೇಕು. ಆ ತುದಿಯಿಂದ ಹೊರಗೆ ಹೋಗೋಣ ಅಂದರೆ ಚೀಲ ಈ ತುದಿಯಲ್ಲಿ!

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಏಳರವರೆಗೂ ತೆರೆದಿರುತ್ತದೆ, ಐದೂವರೆಗೆ ಒಳಗೆ ಬಿಡುವುದು ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಐದಕ್ಕೇ ಮುಚ್ಚುತ್ತಾರೆ.

ಕಾಫಿಪುಡಿ

ಕೊನೇಸೀಟು ಅವರೇ, ಬೇಜಾರು ಮಾಡ್ಕೋಬೇಡಿ, ಆದರೆ ಅಲ್ಲಿವರೆಗೂ ಹೋಗಿ ಆ ಕಲ್ಲಾದ ಹೆಣಗಳನ್ನು ನೋಡದೇ ಬಂದಿರಾ? ನಾನು ಹೋಗಿದ್ದೇ ಅದಕ್ಕೆ. ಒಂದು ಅಮ್ಮ, ತೊಡೆ ಮೇಲೆ ಮಗು. ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಮೇಷ್ಟ್ರು

ಎರಡು ತಿದ್ದುಪಡಿ ಮಾಡಲೇಬೇಕು, ಕ್ಷಮಿಸಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದ ಚಾಳಿ.

ಮೊದಲನೆಯದು, ಅವು ಕಲ್ಲಾದ ಹೆಣಗಳಲ್ಲ. ವೆಸುವಿಯಸ್ ಸಿಡಿದಾಗ ಮೊದಲು ಗಂಟೆಗಟ್ಟಲೆ ಹಗುರ ಕಲ್ಲಿನ ಮಳೆ ಸುರಿಯಿತು. ಆ ಹೊತ್ತಿನಲ್ಲಿ ಓಡಿದವರಲ್ಲಿ ಬಹಳ ಜನ ಬದುಕಿರಬೇಕು. ಮನೆಯೊಳಗೆ ಕೂತವರ ಮೇಲೆ, ತಡವಾಗಿ ಹೊರಟವರ ಮೇಲೆ ಮಾರನೇ ಬೆಳಿಗ್ಗೆ ಸುಡುವ ಬೂದಿ, ಅನಿಲದ ಅಲೆ ಬಂತು. ಬೂದಿ ಹೆಣಗಳ ಸುತ್ತ ಗಟ್ಟಿಯಾಯಿತು. ಮಾಂಸ ಕರಗಿ ಹೋದ ಮೇಲೆ ಆ ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಅಗೆತದ ಮುಖ್ಯಸ್ಥ ಜುಸೆಪ್ಪೆ ಫಿಯೊರೆಲ್ಲಿ ಆ ಟೊಳ್ಳಿಗೆ ದ್ರವ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಸುತ್ತಲ ಬೂದಿ ತೆಗೆಸಿದ. ನೀವು ನೋಡಿದ್ದು ಪ್ಲಾಸ್ಟರ್ ಅಚ್ಚು. ಒಳಗೆ ಮೂಳೆ ಮಾತ್ರ ನಿಜವಾದದ್ದು.

ಎರಡನೆಯದು, ಆ ಅಮ್ಮ ಅಮ್ಮನಲ್ಲ. ಚಿನ್ನದ ಕಡಗ ಸಿಕ್ಕಿದ ಮನೆಯ ಗುಂಪು ಅದು. ಕಡಗ ಇದೆ, ತೊಡೆ ಮೇಲೆ ಮಗು ಇದೆ, ಹಾಗಾಗಿ ತಾಯಿ ಅಂತ ಎಲ್ಲರೂ ನಂಬಿದ್ದರು. 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ ಆ ವ್ಯಕ್ತಿ ಗಂಡಸು, ಮಗುವಿಗೆ ರಕ್ತಸಂಬಂಧಿಯೂ ಅಲ್ಲ ಅಂತ ಗೊತ್ತಾಯಿತು.

ಕಾಫಿಪುಡಿ

ಮೇಷ್ಟ್ರೇ, ನೀವು ನನ್ನ ಇಡೀ ಟ್ರಿಪ್ ಹಾಳು ಮಾಡಿದಿರಿ 😄

ಆದರೂ ಹೇಳ್ತೀನಿ, ಯಾರದೋ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದ ಅಂದರೆ ಇನ್ನೂ ಜಾಸ್ತಿ ಸಂಕಟ ಆಗುತ್ತೆ.

ಕೊನೇಸೀಟು

ಅಚ್ಚುಗಳನ್ನು ನಾನು ನೋಡಿದೆ, ಬರೆಯಲಿಲ್ಲ ಅಷ್ಟೇ. ಫೋರಂ ಪಕ್ಕ ಒಂದು ಗಾಜಿನ ಪೆಟ್ಟಿಗೆ, ಅದರ ಸುತ್ತ ಮೂರು ಸಾಲು ಜನ, ಎಲ್ಲರ ಕೈಯಲ್ಲೂ ಫೋನ್. ಒಬ್ಬರು ಅದರ ಪಕ್ಕ ನಿಂತು ಬೆರಳೆತ್ತಿ ಸೆಲ್ಫಿ ತೆಗೆದುಕೊಂಡರು. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ. ಸಾವಿನ ಮನೆಗೆ ಹೋಗಿ ಸೋಫಾ ಚೆನ್ನಾಗಿದೆ ಅಂದ ಹಾಗೆ ಅನ್ನಿಸಿತು.

ಚೀಲಒಂದೇ

ಅದನ್ನು ಮರ್ಯಾದೆಯಿಂದ ನೋಡಬೇಕು ಅಂದರೆ 'ಓಡಿಬಂದವರ ತೋಟ' ಅನ್ನೋ ಜಾಗಕ್ಕೆ ಹೋಗಿ. ಊರಿನ ದಕ್ಷಿಣದ ಗೋಡೆ ಹತ್ತಿರ. ಹದಿಮೂರು ಜನ, ದೊಡ್ಡವರು ಮಕ್ಕಳು, ಬಿದ್ದ ಜಾಗದಲ್ಲೇ ಇದ್ದಾರೆ. ಗುಂಪುಗಳು ಅಷ್ಟು ದೂರ ಬರಲ್ಲ. ನಾನು ಹೋದಾಗ ನಾನೊಬ್ಬನೇ, ಜೊತೆಗೆ ಒಂದು ಬೆಕ್ಕು.

ಹಿಟ್ಟಿನಗಿರಣಿ

ಇಲ್ಲಿ ಯಾರೂ ಬೇಕರಿ ಬಗ್ಗೆ ಮಾತಾಡಿಲ್ಲವಲ್ಲ! ನಮ್ಮದು ಹಿಟ್ಟಿನ ಗಿರಣಿ, ನನಗೆ ಕಣ್ಣಿಗೆ ಬಿದ್ದಿದ್ದೇ ಅದು. ಊರಿನಲ್ಲಿ ಮೂವತ್ತಕ್ಕೂ ಮೇಲೆ ಬೇಕರಿಗಳು ಸಿಕ್ಕಿವೆಯಂತೆ. ಬೀಸುವ ಕಲ್ಲು ನಮ್ಮದರ ಥರ ಚಪ್ಪಟೆ ಅಲ್ಲ, ಸೊಂಟದೆತ್ತರದ ಡಮರುಗ. ಕೆಳಗೆ ಗೋಪುರದ ಹಾಗೆ ಚೂಪಾದ ಕಲ್ಲು, ಅದರ ಮೇಲೆ ಡಮರುಗ ಕವುಚಿ ಕೂರುತ್ತದೆ. ಮೇಲಿನಿಂದ ಕಾಳು ಸುರಿಯುವುದು, ಸೊಂಟಕ್ಕೆ ಮರ ಸಿಕ್ಕಿಸಿ ಕತ್ತೆ ಕೈಲಿ ತಿರುಗಿಸುವುದು.

ಕಲ್ಲು ಲಾವಾದ್ದು, ಮೈ ತುಂಬಾ ಸಣ್ಣ ಸಣ್ಣ ತೂತು. ನಮ್ಮ ಕಡೆ ಬೀಸುಕಲ್ಲು ನುಣ್ಣಗಾದರೆ ಮುಳ್ಳು ಹಾಕಿಸಬೇಕು ಅಲ್ವಾ, ಚಾಣದಲ್ಲಿ ಕಟಕಟ ಅಂತ? ಈ ತೂತಿನ ಕಲ್ಲು ಸವೆದ ಹಾಗೆಲ್ಲ ಹೊಸ ತೂತು ಬಾಯಿ ಬಿಡುತ್ತದೆ, ತಾನೇ ಮುಳ್ಳು ಹಾಕಿಕೊಂಡ ಹಾಗೆ. ನಾನು ಅರ್ಧ ಗಂಟೆ ಅಲ್ಲೇ ನಿಂತೆ, ಗುಂಪು ಎಲ್ಲಿಗೆ ಹೋಯಿತೋ ಗೊತ್ತೇ ಆಗಲಿಲ್ಲ. ಕೊನೆಗೆ ಟೂರ್ ಮ್ಯಾನೇಜರ್ ಇಯರ್‌ಫೋನ್‌ನಲ್ಲಿ ನನ್ನ ಹೆಸರು ಹಿಡಿದು ಕೂಗಿದರು, 40 ಜನರ ಕಿವಿಗೂ ಕೇಳಿಸಿತು.

ಸುಟ್ಟು ಇದ್ದಿಲಾದ ರೊಟ್ಟಿಯೂ ಇದೆ, ಗುಂಡಗೆ, ಎಂಟು ಭಾಗ ಗುರುತು ಮಾಡಿದ್ದು. ಅದನ್ನು ನೋಡೋಕೆ ನೇಪಲ್ಸ್ ಮ್ಯೂಸಿಯಂಗೆ ಹೋಗಬೇಕು.

ಮೇಷ್ಟ್ರು

ಒಳ್ಳೆಯದೆಲ್ಲ ನೇಪಲ್ಸ್‌ನಲ್ಲೇ ಇದೆ ಅನ್ನೋದು ಹೋಗುವವರಿಗೆ ಮೊದಲೇ ಗೊತ್ತಿರಬೇಕು. 1748ರಲ್ಲಿ ಅಗೆತ ಶುರುವಾಯಿತು. ಆಗ ಸಿಕ್ಕಿದ ಚಿತ್ರ, ವಿಗ್ರಹಗಳನ್ನೆಲ್ಲ ರಾಜನ ಸಂಗ್ರಹಕ್ಕೆ ಸಾಗಿಸಿದರು. ಪಾಂಪೇಯ 'ಫಾನ್ ಮನೆ' ಅನ್ನೋ ದೊಡ್ಡ ಮನೆಯ ನೆಲದಲ್ಲಿ ಅಲೆಕ್ಸಾಂಡರನ ಯುದ್ಧದ ಚಿತ್ರ ಇದೆಯಲ್ಲ, ಅಲ್ಲಿರುವುದು ನಕಲು. ಮೂಲ ನೇಪಲ್ಸ್‌ನಲ್ಲಿದೆ. ಮ್ಯೂಸಿಯಂಗೆ ಮಂಗಳವಾರ ರಜೆ, ನೆನಪಿಡಿ.

ಕೊನೇಸೀಟು ಅವರು ನಡೆದ ಬೀದಿಯ ಬಗ್ಗೆ ಒಂದು ಮಾತು. ಅದೇ ಬೀದಿಯ ಒಂದು ಮನೆಯಲ್ಲಿ 1938ರಲ್ಲಿ ದಂತದ ಒಂದು ಪುಟ್ಟ ಹೆಣ್ಣಿನ ವಿಗ್ರಹ ಸಿಕ್ಕಿತು. ಎತ್ತರ ಒಂದು ಗೇಣಿಗಿಂತ ಚೂರು ಜಾಸ್ತಿ. ಕೈ ತುಂಬಾ ಬಳೆ, ಕಾಲಿಗೆ ಕಡಗ, ಸೊಂಟಕ್ಕೆ ಡಾಬು. ಎರಡೂ ಪಕ್ಕ ಇಬ್ಬರು ಚಿಕ್ಕ ಸಖಿಯರು. ನಮ್ಮ ದೇಶದ ಕೆಲಸ ಅದು! 'ಪಾಂಪೇ ಲಕ್ಷ್ಮಿ' ಅಂತ ಹೆಸರಿಟ್ಟರು, ಈಗ ಯಕ್ಷಿ ಅನ್ನುವವರೇ ಜಾಸ್ತಿ. ಇದೇ ಜಾತಿಯ ದಂತದ ವಿಗ್ರಹ ಮಹಾರಾಷ್ಟ್ರದ ಭೋಕರ್ದನ್‌ನಲ್ಲೂ ಸಿಕ್ಕಿದೆ. ಪಾಂಪೇ ವಿಗ್ರಹ ನೇಪಲ್ಸ್ ಮ್ಯೂಸಿಯಂನ 'ಗುಪ್ತ ಕೋಣೆ'ಯಲ್ಲಿದೆ.

ಇನ್ನೊಂದು ವಿಚಿತ್ರ. ರೋಮ್‌ನಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಇಂಡಿಯಾಕ್ಕೆ ಹರಿದು ಹೋಗುತ್ತಿದೆ ಅಂತ ಗೊಣಗಿ ಬರೆದವನು ರೋಮನ್ ಲೇಖಕ ಹಿರಿಯ ಪ್ಲಿನಿ. ನಮ್ಮ ಮೆಣಸಿಗೆ ಯಾಕಿಷ್ಟು ಬೆಲೆ ಅಂತಲೂ ಅವನಿಗೆ ಸಿಟ್ಟು. ಆ ಪ್ಲಿನಿ ಸತ್ತಿದ್ದು ಇದೇ ಸ್ಫೋಟದಲ್ಲಿ. ನೌಕಾಪಡೆಯ ಅಧಿಕಾರಿಯಾಗಿದ್ದ, ಜನರನ್ನು ಕಾಪಾಡೋಕೆ ಹಡಗು ತೆಗೆದುಕೊಂಡು ಹೋಗಿ ಪಾಂಪೇ ಹತ್ತಿರದ ಸ್ಟಾಬಿಯೆ ಅನ್ನೋ ಊರಿನ ದಡದಲ್ಲಿ ಸತ್ತ.

ಕೊನೇಸೀಟು

ಮೇಷ್ಟ್ರೇ!! ಆ ಮನೆ ಮುಂದೆಯೇ ದಾಟಿ ಹೋಗಿರುತ್ತೇವೆ. ಗೈಡ್ ಒಂದು ಮಾತೂ ಹೇಳಲಿಲ್ಲ. 38 ಜನ ಇಂಡಿಯಾದವರನ್ನು ಕರೆದುಕೊಂಡು ಹೋಗಿ ಈ ವಿಷಯ ಬಿಟ್ಟು ಲುಪನಾರ್ ಸಾಲಿನಲ್ಲಿ ನಿಲ್ಲಿಸಿದರಲ್ಲ. ಈಗ ನಿಜವಾಗಲೂ ಕೋಪ ಬರ್ತಿದೆ.

ಟಿಕೆಟ್‌ತೋರ್ಸಿ

ಆ ಬೀದಿಯ ಗೋಡೆಗಳ ಮೇಲೆ ಕೆಂಪು ಅಕ್ಷರ ನೋಡಿದಿರಾ, ಗಾಜು ಹಾಕಿ ಮುಚ್ಚಿರುವುದು? ಅದು ಚುನಾವಣಾ ಪ್ರಚಾರ. ವರ್ಷ ವರ್ಷ ಊರಿನ ಅಧಿಕಾರಿಗಳ ಚುನಾವಣೆ ಇತ್ತು, ಇಂಥವರನ್ನು ಗೆಲ್ಲಿಸಿ ಅಂತ ಬರೆಸುತ್ತಿದ್ದರು. ಒಂದರಲ್ಲಿ ವಾಟಿಯಾ ಅನ್ನುವವನಿಗೆ 'ರಾತ್ರಿ ತಡವಾಗಿ ಕುಡಿಯುವವರೆಲ್ಲರ' ಬೆಂಬಲ ಇದೆ ಅಂತ ಬರೆದಿದೆಯಂತೆ. ಕುಡುಕರ ಸಂಘದ್ದೋ, ಎದುರಾಳಿಯ ಕಿತಾಪತಿಯೋ ನೀವೇ ಹೇಳಿ.

ಕಾಫಿಪುಡಿ

ಎದುರಾಳಿದೇ. ಅನುಮಾನವೇ ಇಲ್ಲ.

ನಿಧಾನಗಾಮಿ

ಎಲ್ಲರೂ ಪಾಂಪೇಗೆ ಓಡುತ್ತೀರಿ. ಅದೇ ರೈಲಿನಲ್ಲಿ ಮುಂಚೆಯೇ ಎರ್ಕೊಲಾನೋ ಸ್ಟೇಷನ್ ಬರುತ್ತದೆ. ಇಳಿದು ಕೆಳಗೆ ನಡೆದರೆ ಹರ್ಕ್ಯುಲೇನಿಯಂ. ಅದೇ ಸ್ಫೋಟ, ಆದರೆ ಚಿಕ್ಕ ಊರು, ಎರಡೂವರೆ ಗಂಟೆಯಲ್ಲಿ ನೆಮ್ಮದಿಯಾಗಿ ಮುಗಿಯುತ್ತದೆ. ಅಲ್ಲಿ ಮಹಡಿ ಉಳಿದಿದೆ, ಮರದ ತೊಲೆ, ಮಂಚ ಕೂಡ ಇದ್ದಿಲಾಗಿ ಉಳಿದಿದೆ. ಕಡಿಮೆ ಸಮಯ ಇರುವ ಗುಂಪಿಗೆ ಪಾಂಪೇಗಿಂತ ಇದೇ ಮೇಲು ಅಂತ ನನ್ನ ಮಾತು. ಆದರೆ ಯಾವ ಟೂರ್ ಹಾಳೆಯಲ್ಲೂ ಇದನ್ನು ಹಾಕಲ್ಲ, ಹೆಸರು ಹೇಳಿದರೆ ಟಿಕೆಟ್ ಮಾರಾಟ ಆಗಲ್ಲವಲ್ಲ.

ಚೀಲಒಂದೇ

ಇದಕ್ಕೆ ನನ್ನ ಓಟು. ತಡವಾಗಿ ಕುಡಿಯುವವರ ಓಟೂ ಸೇರಿಸಿ.

ಮಂಡಿನೋವು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟೂರ್‌ನವರಿಗೆ ಫೋನ್ ಮಾಡಿದೆ. ಮೂರು ಪ್ರಶ್ನೆ ಕೇಳಿದೆ: ಯಾವ ಬಾಗಿಲು, ಒಳಗೆ ಎಷ್ಟು ಹೊತ್ತು, ದಾರಿಯಲ್ಲಿ ಅಂಗಡಿ ಇದೆಯಾ. ಬಾಗಿಲು ಗೊತ್ತಿಲ್ಲ ಅಂದರು. ಹೊತ್ತು 'ಸಾಕಷ್ಟು' ಅಂದರು. ಅಂಗಡಿ ಕೇಳಿದ್ದಕ್ಕೆ 'ಮೇಡಂ, ಅದು ಫ್ರೀ ಡೆಮೋ' ಅಂದರು.

ಕೊನೇಸೀಟು

ಹಹ್ಹಾ. ಆ ಫ್ರೀ ಡೆಮೋದಲ್ಲಿ ನನ್ನ ತಂಗಿ 60 ಯೂರೋದ ಕಿವಿಯೋಲೆ ತಗೊಂಡಳು, ಮೇಲೆ ಬರೆಯಬೇಡ ಅಂದಿದ್ದಳು.

ಬಾಗಿಲಿನ ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಟಿಕೆಟ್‌ನಲ್ಲೂ ಇರಲಿ ಅಂತ ಅದರಲ್ಲೇ ಸೇರಿಸಿ. ಅಮ್ಮನಿಗೆ ಇನಿಷಿಯಲ್ ಇದೆಯಾ?

ಮಂಡಿನೋವು

ಮೂರು ಇದೆ 😭